ರೌಂಡಿಗೆ ಹೋದ ಆಮೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ದೊಡ್ಡ ಗಣೇಶನ ಬೆಣ್ಣೆ ಅಲಂಕಾರ ಇನ್ನು ನನ್ನ ಕಣ್ಣಿಗೆ ಬೀಳದಿರಲಿ. ನನ್ನ ಅಂಗಡಿಯ ಜೆರಾಕ್ಸ್ ಮೆಷಿನ್ನಿನಲ್ಲಿ ನಾಳೆಯಿಂದ ಎಲ್ಲರ ಆಧಾರ್ ಕಾರ್ಡೂ ಕಪ್ಪಗೇ ಬರಲಿ. ಹೀಗೆಂದು ನಾನು ಆಣೆ ಮಾಡಿದ್ದು ಚಾಮರಾಜಪೇಟೆಯ ನಮ್ಮ ಸ್ಕೂಲಿನ ಗೇಟಿನ ಮುಂದೆ, ಮಟಮಟ ಮಧ್ಯಾಹ್ನ. ಬಲಗೈ ನೆತ್ತಿಯ ಮೇಲಿತ್ತು. ಎಡಗೈ ಒಂದು ಲಗೇಜ್ ಆಟೋದ ಹಿಂಬದಿಯನ್ನು ಹಿಡಿದುಕೊಂಡಿತ್ತು. ಬಿಟ್ಟರೆ ಅದು ಹೊರಟುಬಿಡುತ್ತಿತ್ತು.

ಆಟೋದಲ್ಲಿ ಸ್ಕೂಲಿನ ಹಳೆಯ ಕಂಪ್ಯೂಟರುಗಳನ್ನೆಲ್ಲ ಪೇರಿಸಿ ಹಗ್ಗ ಬಿಗಿದಿದ್ದರು. ಗುಜರಿಗೆ ಹೊರಟಿದ್ದವು. ಅವುಗಳ ಪೈಕಿ ಒಂದು, ಒಮ್ಮೆ ಕೆನೆ ಬಣ್ಣ ಇದ್ದದ್ದು ಈಗ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದ್ದು, ಹಳೆಯ ಟೀವಿಯಷ್ಟು ದಪ್ಪ ಹೊಟ್ಟೆಯದು, ಸ್ಕೂಲಿಗೆ ಬಂದ ಮೊಟ್ಟಮೊದಲ ಕಂಪ್ಯೂಟರು. ಉಳಿದವನ್ನು ಬೇಕಾದರೆ ಅರೆದು ಪುಡಿ ಮಾಡಲಿ. ಅದೊಂದು ಹೋಗಬಾರದಿತ್ತು.

"ವರದರಾಜಣ್ಣ, ಕೈ ತೆಗಿ. ಬಿಸಿಲು ನೆತ್ತಿ ಸುಡ್ತದೆ," ಎಂದಳು ಗುಜರಿಯ ಮುನಿಯಕ್ಕ, ಡ್ರೈವರ್ ಸೀಟಿನಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಾ. ಆಟೋ ಅವಳದೇ, ಓಡಿಸುವವಳೂ ಅವಳೇ.

"ಅಂಕಲ್, ಹೊಸ ಲ್ಯಾಬಿನ ಸಾಮಾನು ಸಾಯಂಕಾಲ ಬರತ್ತೆ," ಎಂದರು ಮಾನಸ ಮೇಡಂ. ಈಗಿನ ಕಂಪ್ಯೂಟರ್ ಟೀಚರು ಇವರೇ. ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು, ಆದರೆ ಮುಗಿಯುತ್ತಾ ಬಂದಿತ್ತು. "ರೂಮ್ ಖಾಲಿ ಆಗ್ಬೇಕು ಅಂತ ಪ್ರಿನ್ಸಿಪಾಲ್ ಹೇಳಿದಾರೆ. ಆ ಡಬ್ಬ ಆನ್ ಕೂಡ ಆಗಲ್ಲ."

"ಆಗತ್ತೆ ಮೇಡಂ. ಅದರ ಆಮೆ ಹೊರಗೆ ಹೋಗಿದೆ, ಅದಕ್ಕೇ ಸುಮ್ಮನಿದೆ. ಇನ್ನೇನು ವಾಪಸ್ ಬರೋ ಹೊತ್ತು. ಇಂಥ ಟೈಮಲ್ಲಿ ಮನೆ ಮಾರಿದ್ರೆ ಅದು ಎಲ್ಲಿಗೆ ಹೋಗ್ಬೇಕು?"

ಮಾನಸ ಮೇಡಂ ವಾಚು ನೋಡಿಕೊಂಡರು. ನೋಡಿಕೊಂಡರೇ ಹೊರತು ಹೋಗಲಿಲ್ಲ. ಅಷ್ಟು ಸಾಕಿತ್ತು ನನಗೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಆ ಕಂಪ್ಯೂಟರು ಬಂದಿತು. ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ದಾನ ಕೊಟ್ಟದ್ದು. ಅದಕ್ಕೆಂದೇ ಒಂದು ರೂಮು, ರೂಮಿಗೆ ದಪ್ಪ ನೀಲಿ ಪರದೆ, ಇಡೀ ಸ್ಕೂಲಿನಲ್ಲಿ ಒಂದೇ ಒಂದು ಏಸಿ. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದುಕೊಂಡು ಒಳಗೆ ಹೋಗಬೇಕು. ಹೋದರೆ ಗವಿಗಂಗಾಧರೇಶ್ವರನ ಗುಹೆಯೊಳಗೆ ಬಗ್ಗಿ ಹೊಕ್ಕಂತೆ ಆಗುತ್ತಿತ್ತು: ತಣ್ಣಗೆ, ಮಬ್ಬು, ನಡುವೆ ಒಂದು ಸಣ್ಣ ಬೆಳಕು. ಹೊರಗೆ ರಸ್ತೆಯಲ್ಲಿ ಸೊಪ್ಪಿನವಳು ಕೂಗುವುದು ಬೇರೆ ಯಾವುದೋ ಊರಿನಿಂದ ಕೇಳಿಸಿದಂತೆ ಕೇಳಿಸುತ್ತಿತ್ತು. ಯಾರೂ ಹೇಳದಿದ್ದರೂ ನಾವೆಲ್ಲ ಪಿಸುಮಾತಿನಲ್ಲೇ ಮಾತಾಡುತ್ತಿದ್ದೆವು. ನೆಗಡಿಯಾದವರಿಗೆ ಪ್ರವೇಶವಿರಲಿಲ್ಲ. ಕಂಪ್ಯೂಟರಿಗೆ ವೈರಸ್ ಬರುತ್ತದೆಂದು ಪೇಪರಿನಲ್ಲಿ ಬಂದಿತ್ತು, ಹೇಗೆ ಬರುತ್ತದೆಂದು ಬಂದಿರಲಿಲ್ಲ.

ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಯ್ಯನವರು ಹಣೆಯ ತುಂಬ ವಿಭೂತಿ ಧರಿಸುತ್ತಿದ್ದರು. ಅದೇ ಮೂರು ಬೆರಳಿನಿಂದ ಮಾನಿಟರಿನ ಹಣೆಗೂ ವಿಭೂತಿ ಇಟ್ಟು, ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಪಾಠ ಹೇಳಲು ಮೀನಾ ಮಿಸ್ ಬಂದರು. ಅವರು ನಮಗೆ ಕಲಿಸಿದ್ದು ಲೋಗೋ ಎಂಬ ಒಂದು ಪ್ರೋಗ್ರಾಂ. ಮಾನಿಟರಿನ ಕಪ್ಪು ಪರದೆಯ ನಡುವೆ ಒಂದು ಪುಟ್ಟ ಬಿಳಿ ತ್ರಿಕೋನ ಕಾಣಿಸುತ್ತಿತ್ತು. "ಇದು ಆಮೆ," ಎಂದರು ಮೀನಾ ಮಿಸ್. ಕಾಲಿರಲಿಲ್ಲ, ಚಿಪ್ಪಿರಲಿಲ್ಲ. ಆದರೂ ಇಷ್ಟು ಕೈಕಾಲು ತೊಳೆಸಿಕೊಂಡು ತೋರಿಸಿದ ಮೇಲೆ ಅದು ಆಮೆಯೇ ಇರಬೇಕು ಎಂದು ನಾವು ನಂಬಿದೆವು.

'ಫಾರ್ವರ್ಡ್ ಐವತ್ತು' ಎಂದು ಒತ್ತಿದರೆ ಆಮೆ ಐವತ್ತು ಹೆಜ್ಜೆ ಹೋಗಿ ನಿಲ್ಲುತ್ತಿತ್ತು. ಹೋದ ದಾರಿಯಲ್ಲಿ ಬಿಳಿ ಗೆರೆ ಉಳಿಯುತ್ತಿತ್ತು. 'ರೈಟ್' ಎಂದರೆ ಬಲಕ್ಕೆ ತಿರುಗುತ್ತಿತ್ತು. ಅಷ್ಟೇ. ಆದರೆ ನಮ್ಮ ಮಾತನ್ನು ಮರುಮಾತಿಲ್ಲದೆ ಕೇಳುವ ಜೀವ ಅಲ್ಲಿಯವರೆಗೆ ನಮ್ಮ ಯಾರ ಮನೆಯಲ್ಲೂ ಇರಲಿಲ್ಲ.

"ಲೋಗೋ ನನಗೂ ಗೊತ್ತು ಅಂಕಲ್," ಎಂದರು ಮಾನಸ ಮೇಡಂ. "ಕಾಲೇಜಲ್ಲಿ ಒಂದ್ಸಲ ತೋರಿಸಿದ್ರು. ಮುಂದೆ ಹೇಳಿ, ಬೇಗ."

ಮುಂದೆ ಆಯುಧಪೂಜೆ ಬಂತು. ಸ್ಕೂಲಿನ ಗಂಟೆ, ಹೊಲಿಗೆ ಮೆಷಿನ್ನು, ವಾಲಿಬಾಲ್ ಪಂಪು, ಜವಾನನ ಸೈಕಲ್ಲು, ಹೆಡ್‌ಮಾಸ್ಟರರ ಸ್ಕೂಟರು ಎಲ್ಲಕ್ಕೂ ಪೂಜೆ. ಕಂಪ್ಯೂಟರಿಗೆ ಎರಡೂ ಕಡೆ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿದ್ದರು. ಹಾರದ ನಡುವೆ ಆಮೆ ಇಣುಕುತ್ತಿತ್ತು. ಕುಂಬಳಕಾಯಿ ಒಡೆದದ್ದಾಯಿತು. ಸೈಕಲ್ಲು, ಸ್ಕೂಟರುಗಳ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ತುಳಿಸಿ, ಎಲ್ಲವೂ ಒಂದೊಂದು ರೌಂಡು ಹೋಗಿ ಬಂದವು. ಪೂಜೆ ಮಾಡಿಸಿಕೊಂಡ ಗಾಡಿ ಒಂದು ರೌಂಡು ಹೋಗಿ ಬರಲೇಬೇಕು. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ಮೀರಿದವರನ್ನು ನಾನು ನೋಡಿಲ್ಲ.

ಮಲ್ಲಿಕಾರ್ಜುನಯ್ಯನವರು ಸ್ಕೂಟರಿಳಿದು ಕಂಪ್ಯೂಟರ್ ರೂಮಿಗೆ ಬಂದರು.

"ಇದು ಹೋಗಿ ಬಂತಾ?"

"ಸಾರ್, ಇದು ಕಂಪ್ಯೂಟರ್ ಸಾರ್. ಎಲ್ಲಿಗೂ ಹೋಗಲ್ಲ," ಎಂದರು ಮೀನಾ ಮಿಸ್.

"ಟೇಬಲ್ಲಿಗೆ ಗಾಲಿ ಇದೆಯಲ್ಲಮ್ಮ. ತಳ್ಕೊಂಡು ಕಾರಿಡಾರಲ್ಲಿ ಒಂದು ಸುತ್ತು ಹಾಕ್ಸಿ."

"ವೈರು ಕಿತ್ಕೊಳ್ಳತ್ತೆ ಸಾರ್."

"ಪೂಜೆ ಮಾಡ್ಸ್ಕೊಂಡು ನಿಂತಲ್ಲೇ ನಿಂತ್ರೆ ವರ್ಷವೆಲ್ಲಾ ಹಂಗೇ ನಿಂತ್ಬಿಡತ್ತೆ. ಆಮೇಲೆ ನನ್ನನ್ನ ಕೇಳ್ಬೇಡಿ."

ಮೀನಾ ಮಿಸ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಯೋಚಿಸಿದರು. "ಸಾರ್, ಅದರ ಬದ್ಲು ಆಮೆ ಹೋಗ್ಬಂದ್ರೆ ನಡಿಯತ್ತಾ?"

ಮಲ್ಲಿಕಾರ್ಜುನಯ್ಯನವರು ಕನ್ನಡಕ ಏರಿಸಿ ತ್ರಿಕೋನವನ್ನು ನೋಡಿದರು. ಯಜಮಾನನ ಪರವಾಗಿ ಮನೆಯವರು ಯಾರಾದರೂ ಹೋಗಿ ಬಂದರೆ ಶಾಸ್ತ್ರಕ್ಕೆ ಅಡ್ಡಿಯಿಲ್ಲ ಎಂದು ತೀರ್ಮಾನವಾಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಟೇಬಲ್ಲನ್ನು ಒಂದು ಗೇಣು ಸರಿಸಿ, ಹಣ್ಣು ಅಪ್ಪಚ್ಚಿಯಾದ ಮೇಲೆ ಮೀನಾ ಮಿಸ್ ಆಮೆಯನ್ನು ಬಲಕ್ಕೆ ತಿರುಗಿಸಿದರು. 'ಫಾರ್ವರ್ಡ್' ಎಂದು ಒತ್ತಿದರು. "ಎಷ್ಟು ಸಾರ್?"

"ನಾನೇ ಹಾಕ್ತೀನಿ. ಹಿರಿಯರ ಕೈ."

ಒಂದು ಒತ್ತಿದರು. ಆಮೇಲೆ ಸೊನ್ನೆಯ ಮೇಲೆ ಬೆರಳಿಟ್ಟರು. ಅವರು ಮನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು, ಒತ್ತಿದ ಬೆರಳನ್ನು ಬೇಗ ಎತ್ತುವ ಅಭ್ಯಾಸವಿರಲಿಲ್ಲ. ಸೊನ್ನೆಗಳು ಬಂದವು. ಒಂದು ಸಾಲು ತುಂಬಿತು. ಎರಡನೇ ಸಾಲಿಗೆ ಇಳಿದವು.

"ಸಾಕು ಸಾರ್."

"ಹಬ್ಬದ ದಿನ ಸಾಕು ಅನ್ಬಾರ್ದಮ್ಮ," ಎಂದು ಅವರು ರಿಟರ್ನ್ ಒತ್ತಿದರು.

ಆಮೆ ಹೊರಟಿತು. ಅವಸರವೇನೂ ಇರಲಿಲ್ಲ. ಸೇವಂತಿಗೆ ಹಾರದ ಕೆಳಗೆ ನುಸುಳಿತು, ಪರದೆಯ ಬಲ ಅಂಚಿಗೆ ಬಂತು, ಒಂದು ಕ್ಷಣ ನಿಂತು ನಮ್ಮ ಕಡೆ ನೋಡಿತು ಎಂದು ನನ್ನ ಪಕ್ಕದಲ್ಲಿದ್ದವರು ಹೇಳುತ್ತಾರೆ. ನಾನು ಅಷ್ಟೆಲ್ಲ ಹೇಳುವುದಿಲ್ಲ, ನೋಡಿದ್ದನ್ನಷ್ಟೇ ಹೇಳುತ್ತೇನೆ. ಅದು ಅಂಚು ದಾಟಿತು. ಗೆರೆ ಮಾತ್ರ ನಿಲ್ಲಲಿಲ್ಲ. ಗಾಜು ಬಿಟ್ಟು ಪ್ಲಾಸ್ಟಿಕ್ಕಿನ ಮೇಲೆ ಹಾಯಿತು, ಗಾಳಿಯಲ್ಲಿ ಒಂದು ಮಾರು ನೇರವಾಗಿ ಹೋಯಿತು, ಗೋಡೆಯೊಳಗೆ ಹೊಕ್ಕಿತು. ಶಾವಿಗೆ ಎಳೆಯಷ್ಟು ತೆಳ್ಳಗೆ, ಬೆಳ್ಳಗೆ ಇತ್ತು. ಮುಟ್ಟಿದೆ. ಆಗ ತಾನೇ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಬೆಚ್ಚಗಿತ್ತು.

"ಒಂದ್ನಿಮಿಷ," ಎಂದರು ಮಾನಸ ಮೇಡಂ. "ಲೋಗೋದಲ್ಲಿ ಆಮೆ ಬಲಗಡೆ ಆಚೆ ಹೋದ್ರೆ ಎಡಗಡೆಯಿಂದ ಒಳಗೆ ಬರತ್ತೆ. ಸುತ್ತಿ ಬರೋ ಹಂಗೇ ಅದನ್ನ ಮಾಡಿರ್ತಾರೆ."

"ನಾನೂ ಅದನ್ನೇ ಹೇಳ್ತಿರೋದು ಮೇಡಂ. ಸುತ್ತಿ ಬರತ್ತೆ. ಸುತ್ತು ಸ್ವಲ್ಪ ದೊಡ್ಡದಾಯ್ತು."

"ಮತ್ತೆ 'ಹೋಂ' ಅಂತ ಟೈಪ್ ಮಾಡಿದ್ರೆ ಎಲ್ಲಿದ್ರೂ ನಡುಮಧ್ಯಕ್ಕೆ ಬಂದು ನಿಲ್ಲತ್ತೆ. ನಿಮ್ಮ ಮಿಸ್‌ಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಕೈ ಕೀಬೋರ್ಡ್ ಮೇಲೂ ಇಟ್ರು. ಮಲ್ಲಿಕಾರ್ಜುನಯ್ಯನೋರು ತಡೆದ್ರು. ಹೊರಟೋರನ್ನ ಹಿಂದಿನಿಂದ ಕರೀಬಾರ್ದಲ್ವಾ. ನಿಮ್ಮನೇಲಿ ಕರೀತಾರಾ?"

ಮಾನಸ ಮೇಡಂ ಮತ್ತೆ ವಾಚು ನೋಡಿಕೊಂಡರು. ಅವರ ಮನೆಯಲ್ಲೂ ಕರೆಯುವುದಿಲ್ಲ ಎಂದು ಕಾಣುತ್ತದೆ.

ಪೂರ್ವಕ್ಕೆ ಮುಖ ಮಾಡಿ ಕೂತದ್ದರ ಎದುರು ನಿಂತವನ ಬಲಗೈ ಉತ್ತರಕ್ಕಿರುತ್ತದೆ. ಅನುಮಾನ ಇದ್ದವರು ಎದ್ದು ನಿಂತು ನೋಡಿಕೊಳ್ಳಬಹುದು. ಹಾಗಾಗಿ ಆಮೆ ಉತ್ತರಕ್ಕೆ ನಡೆಯಿತು. ಯಾವ ಬೀದಿಯಲ್ಲಿದ್ದರೆ ಆ ಬೀದಿಯ ಕರೆಂಟಿನಲ್ಲಿ ನಡೆಯುತ್ತಿತ್ತು, ಕರೆಂಟು ಹೋದರೆ ಎಲ್ಲಿದ್ದರೆ ಅಲ್ಲೇ ಕೂರುತ್ತಿತ್ತು. ಅದಕ್ಕೇ ಕಾಟನ್‌ಪೇಟೆ ದಾಟಲು ವಿಜಯದಶಮಿ ಕಳೆಯಿತು. ದೀಪಾವಳಿಯ ಹೊತ್ತಿಗೆ ಓಕಳಿಪುರಂ ಸೇರಿತ್ತು. ಅಲ್ಲಿ ರೈಲು ಹಳಿಯ ಪಕ್ಕದ ಮನೆಗಳವರು ಗೆರೆ ಕಂಡ ಮರುದಿನವೇ ಅದರ ಮೇಲೆ ಬಟ್ಟೆ ಒಣಹಾಕಿದರು. ಬೆಚ್ಚಗಿದ್ದುದರಿಂದ ಮೋಡದ ದಿನವೂ ಬಟ್ಟೆ ಒಣಗುತ್ತಿತ್ತು. ಒಂದು ಗೂಡ್ಸ್ ರೈಲು ಬಂದು, ಹಳಿಗೆ ಅಡ್ಡವಾಗಿ ತೂಗುತ್ತಿದ್ದ ಸೀರೆಗಳನ್ನು ನೋಡಿ, ಅವು ಒಣಗುವ ತನಕ ನಿಂತಿದ್ದು ಹೊರಟಿತು.

"ನಮ್ಮವ್ವನ ತವರು ಓಕಳಿಪುರಂ," ಎಂದಳು ಮುನಿಯಕ್ಕ ಎಲೆ ಉಗಿದು. "ಅಂಥ ಗೆರೆ ಕಂಡಿದ್ರೆ ನಮ್ಮವ್ವ ಕಿತ್ಕೊಂಡ್ ಬಂದು ನನ್ ಮದುವೆಗೆ ಕೊಟ್ಟಿರೋಳು."

"ಎಳೆದ್ರಂತೆ ಅಕ್ಕ. ಬರ್ಲಿಲ್ಲ."

"ಹೂಂ, ಹೇಳು ಹೇಳು."

ಸಂಕ್ರಾಂತಿಯ ಸುಮಾರಿಗೆ ಆಮೆ ಮಲ್ಲೇಶ್ವರಕ್ಕೆ ಬಂತು. ಅಲ್ಲಿ ನಮ್ಮ ಚಿಕ್ಕಪ್ಪನ ಮಗ ರಾಘವನ ಮನೆ. ರಾಘವನ ಹತ್ತಿರ ಮನೆಯಲ್ಲೇ ಒಂದು ಕಂಪ್ಯೂಟರ್ ಇತ್ತು, ನಮ್ಮ ಬಳಗದಲ್ಲಿ ಅದೊಂದೇ. ರೊಟ್ಟಿ ಮಣೆಯಷ್ಟು ಅಗಲದ ಕೀಬೋರ್ಡು, ಅದನ್ನು ಟೀವಿಗೆ ಸಿಕ್ಕಿಸಬೇಕು, ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ ಆಟವನ್ನು ಒಳಗೆ ಇಳಿಸಬೇಕು. ಇಳಿಯುವಾಗ ಕೀಂ ಎಂದು ಕರ್ಕಶವಾಗಿ ಕೂಗುತ್ತಿತ್ತು. ಅಜ್ಜಿ ಭಾಗೀರಥಮ್ಮ ಮಾತ್ರ ಆ ಸದ್ದು ಕೇಳಿದರೆ ಹಾಯಾಗಿ ನಿದ್ದೆ ಹೋಗುತ್ತಿದ್ದರು, ಜೀರುಂಡೆಯ ಹಾಗಿದೆ ಎನ್ನುತ್ತಿದ್ದರು. ಆ ಮಧ್ಯಾಹ್ನವೂ ಅಜ್ಜಿ ಗೋಡೆಗೊರಗಿ ತೂಕಡಿಸುತ್ತಿದ್ದರು, ರಾಘವನೂ ನಾನೂ ಆಕಾಶದಲ್ಲಿ ಹಡಗುಗಳನ್ನು ಹೊಡೆದುರುಳಿಸುತ್ತಿದ್ದೆವು. ಪರದೆಯ ಎಡಗಡೆಯಿಂದ ಒಂದು ಬಿಳಿ ತ್ರಿಕೋನ ಒಳಗೆ ಬಂತು. ಹಡಗುಗಳು ಗುಂಡು ಹಾರಿಸುವುದನ್ನು ನಿಲ್ಲಿಸಿ ಸರಿದು ದಾರಿ ಬಿಟ್ಟವು.

"ಏನೋ ಅದು?" ಎಂದರು ಅಜ್ಜಿ, ಕಣ್ಣು ಬಿಟ್ಟು.

"ಆಮೆ ಅಜ್ಜಿ. ನಮ್ಮ ಸ್ಕೂಲಿಂದು," ಎಂದೆ.

ಅಜ್ಜಿ ಎದ್ದು ಕೂತರು. ಸೆರಗು ಹೊದ್ದುಕೊಂಡು ಕೈ ಮುಗಿದರು. "ಬೆನ್ನ ಮೇಲೆ ಬೆಟ್ಟ ಕಾಣ್ಸಲ್ವಲ್ಲೋ."

"ಇದು ಬೆಟ್ಟ ಹೊರೋ ಆಮೆ ಅಲ್ಲ ಅಜ್ಜಿ, ಗೆರೆ ಎಳೆಯೋ ಆಮೆ," ಎಂದ ರಾಘವ.

"ಆಯ್ತು, ಅದಕ್ಕೇನೀಗ. ಚಾಮರಾಜಪೇಟೆಯಿಂದ ಬಿಸಿಲಲ್ಲಿ ನಡ್ಕೊಂಡ್ ಬಂದಿದೆ. ನೀರು ಕೊಡೋ ಮೊದ್ಲು."

ರಾಘವ ತಲೆ ಕೆರೆದುಕೊಂಡು 'ನೀರು' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ. ನೀರು ಅಂದರೆ ಹೇಗೆ ಮಾಡುವುದೋ ನನಗೆ ಗೊತ್ತಿಲ್ಲ ಎಂದು ಪರದೆಯ ಮೇಲೆ ಬಂತು. ಅಜ್ಜಿಗೆ ಅದನ್ನು ಓದಿ ಹೇಳಿದೆವು.  ಅವರು ತಾವೇ ಎದ್ದು ಬೆಳ್ಳಿ ಲೋಟದಲ್ಲಿ ನೀರು ತಂದು ಟೀವಿಯ ಮುಂದೆ ಇಟ್ಟರು. ಆಮೆ ಲೋಟದ ಎದುರಿಗೆ ಬಂದಾಗ ಕರೆಂಟು ಹೋಯಿತು. ಮನೆಯೆಲ್ಲ ನಿಶ್ಶಬ್ದ. ಕಪ್ಪು ಗಾಜಿನಲ್ಲಿ ಕಿಟಕಿ, ಕಿಟಕಿಯಾಚೆಯ ಸಂಪಿಗೆ ಮರ, ನಮ್ಮ ಮೂವರ ಮುಖ. ಕರೆಂಟು ಬಂದಾಗ ಆಮೆ ಕೂತಲ್ಲಿಂದ ಎದ್ದು ಬಲ ಅಂಚು ದಾಟಿತು. ಲೋಟದಲ್ಲಿ ನೀರು ಒಂದು ಗುಟುಕು ಕಡಿಮೆಯಾಗಿತ್ತು.

"ನೀವೇ ಕುಡ್ದಿರ್ತೀರಿ," ಎಂದರು ಮಾನಸ ಮೇಡಂ.

"ರಾಘವ ಕುಡ್ದಿರ್ಬಹುದು. ಅವನ ಬಗ್ಗೆ ನಾನು ಆಣೆ ಹಾಕಲ್ಲ."

ಊರು ದಾಟಿದ ಮೇಲೆ ಆಮೆಯ ನಡಿಗೆ ಚುರುಕಾಯಿತು, ಸುದ್ದಿ ವಿರಳವಾಯಿತು. ಕಾಶಿಯಾತ್ರೆಗೆ ಹೋದವರೊಬ್ಬರು ರೈಲಿನ ಕಿಟಕಿಯಿಂದ ರಾತ್ರಿಯೆಲ್ಲ ಹೊಲದ ಮೇಲೆ ಒಂದು ಬೆಳ್ಳನೆಯ ಎಳೆ ಜೊತೆಗೇ ಬರುತ್ತಿತ್ತು ಎಂದರು. ಹಿಮಾಲಯ ದಾಟಿದ ಮೇಲೆ ಹಿಮವೂ ಬಿಳಿ, ಗೆರೆಯೂ ಬಿಳಿ, ಯಾರಿಗೆ ಏನು ಕಾಣಿಸುತ್ತದೆ.

ನಮ್ಮ ಕಂಪ್ಯೂಟರ್ ಕ್ಲಾಸು ಮಾತ್ರ ನಿಲ್ಲಲಿಲ್ಲ. ಪರದೆ ಖಾಲಿ. ಮೀನಾ ಮಿಸ್ ಅದನ್ನು ಆನ್ ಮಾಡಿ, ಪಕ್ಕದಲ್ಲಿ ಭೂಪಟ ತೂಗುಹಾಕಿ, "ಇವತ್ತು ಎಲ್ಲಿರಬಹುದು?" ಎಂದು ಕೇಳುತ್ತಿದ್ದರು. ನಾವು ತಣ್ಣನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಆ ಕಪ್ಪನ್ನು ನೋಡುತ್ತಾ ಒಬ್ಬೊಬ್ಬರೇ ಹೇಳುತ್ತಿದ್ದೆವು. ಮರಳುಗಾಡಿನಲ್ಲಿದೆ ಮಿಸ್, ಒಂಟೆಗಳು ನಿಂತು ನೋಡ್ತಿವೆ. ಸಮುದ್ರದ ಕೆಳಗಿದೆ ಮಿಸ್, ಮೀನುಗಳು ಗೆರೆ ಹಿಡ್ಕೊಂಡು ಈಜ್ತಿವೆ. ಬೆಲ್ ಹೊಡೆದರೂ ಏಳುತ್ತಿರಲಿಲ್ಲ. ಬೇರೆ ಸ್ಕೂಲಿನವರು ಚೌಕ, ವೃತ್ತ ಬರೆಯಲು ಕಲಿತರು. ನಮಗೆ ಇವತ್ತಿಗೂ ಬರುವುದಿಲ್ಲ. ಆದರೆ ಕಣ್ಣು ಮುಚ್ಚಿದರೆ ನನಗೆ ಅದರ ನಡಿಗೆ ಕಾಣಿಸುತ್ತದೆ. ಕಾಲೇಜು ಬಿಟ್ಟ ಮೇಲೆ ನಾನು ಸ್ಕೂಲಿನ ಎದುರಿಗೇ ಜೆರಾಕ್ಸ್ ಅಂಗಡಿ ಹಾಕಿದ್ದು, ಬಾಡಿಗೆ ಕಡಿಮೆ ಎಂದು. ಹಾಗೆಂದೇ ಮನೆಯಲ್ಲಿ ಹೇಳಿದ್ದೇನೆ.

ಇಷ್ಟು ಹೇಳಿ ನಾನು ಆಟೋದ ಮೇಲಿನ ಕೈ ಬದಲಾಯಿಸಿದೆ. ಜೋಮು ಹಿಡಿದಿತ್ತು.

ಮಾನಸ ಮೇಡಂ ಫೋನು ತೆಗೆದರು. ಪ್ರಿನ್ಸಿಪಾಲರಿಗೆ ಮಾಡುತ್ತಾರೇನೋ ಎಂದುಕೊಂಡೆ. ಅವರು ಲೆಕ್ಕ ಹಾಕುತ್ತಿದ್ದರು. "ಭೂಮಿ ಸುತ್ತಳತೆ ನಲವತ್ತು ಸಾವಿರ ಕಿಲೋಮೀಟರ್. ನೀವು ಎಂಟನೇ ಕ್ಲಾಸಲ್ಲಿದ್ದು ಮೂವತ್ತೈದು ವರ್ಷ ಅಂತ ಇಟ್ಕೊಳ್ಳೋಣ. ದಿನಕ್ಕೆ..." ಅವರು ಫೋನನ್ನು ಸ್ವಲ್ಪ ಹತ್ತಿರ ಹಿಡಿದು ನೋಡಿದರು. "ಮೂರು ಕಿಲೋಮೀಟರ್."

"ಆಮೆ ನಡಿಗೆ," ಎಂದಳು ಮುನಿಯಕ್ಕ. ಯಾರೂ ಅವಳನ್ನು ಕೇಳಿರಲಿಲ್ಲ.

"ಉತ್ತರಕ್ಕೆ ಹೋಗಿದ್ದು ದಕ್ಷಿಣದಿಂದ ಬರ್ಬೇಕು," ಎಂದೆ ನಾನು. "ಕನಕಪುರದ ಕಡೆ ದಾಟಿದ್ದಾಯ್ತು. ಈಗ ಹನುಮಂತನಗರದ ಹತ್ರ ಇದೆ. ಮೊನ್ನೆಯಿಂದ ಅಲ್ಲಿ ಯಾರ ಮನೆಯಲ್ಲೋ ಟೀವಿ ಮೇಲೆ ಒಂದು ಬಿಳಿ ಗೆರೆ ಬರ್ತಿದೆಯಂತೆ. ಅಲ್ಲಿಂದ ಗವಿಪುರಂ, ಗವಿಪುರಂ ದಾಟಿದ್ರೆ ಇಲ್ಲೇ. ಇಷ್ಟು ಹತ್ರ ಬಂದಾಗ..."

"ಹನುಮಂತನಗರದಲ್ಲಿ ಎಲ್ಲಿ?"

"ಗುಡ್ಡದ ಕೆಳಗೆ ಅಂದ್ರು."

"ನಮ್ಮನೆ ಗುಡ್ಡದ ಕೆಳಗೇ ಇರೋದು." ಅವರ ದನಿ ಬದಲಾಗಿತ್ತು. "ಗೆರೆ ಅಡ್ಡಕ್ಕಾ, ಉದ್ದಕ್ಕಾ?"

"ಅಡ್ಡಕ್ಕೆ ಮೇಡಂ. ಎಡಗಡೆಯಿಂದ ಬಲಗಡೆಗೆ."

"ಅಮ್ಮ ಹೊಸ ಟೀವಿ ತಗೋಬೇಕು ಅಂತಿದಾರೆ," ಎಂದರು ಮಾನಸ ಮೇಡಂ ನಿಧಾನವಾಗಿ, ನನಗಲ್ಲ, ಆಟೋದಲ್ಲಿದ್ದ ಆ ಬಿಸ್ಕತ್ತಿನ ಬಣ್ಣದ ಡಬ್ಬಕ್ಕೆ ಹೇಳಿದಂತೆ. "ಪ್ಯಾನಲ್ ಹೋಗಿದೆ ಅಂತ ರಿಪೇರಿಯೋರು ಹೇಳಿದ್ರು."

ಹನುಮಂತನಗರದಲ್ಲಿ ಟೀವಿ ರಿಪೇರಿ ಮಾಡುವ ಶೀನಣ್ಣ ಬಿಲ್ ಪುಸ್ತಕ ಪ್ರಿಂಟ್ ಮಾಡಿಸಲು ನನ್ನ ಅಂಗಡಿಗೇ ಬರುತ್ತಾನೆ, ಮೊನ್ನೆಯೂ ಬಂದಿದ್ದ, ಬಂದರೆ ಅರ್ಧ ಗಂಟೆ ಮಾತಾಡದೆ ಹೋಗುವುದಿಲ್ಲ. ಅದು ಬೇರೆ ವಿಷಯ. ಈ ಕಥೆಗೆ ಸಂಬಂಧವಿಲ್ಲದ್ದನ್ನೆಲ್ಲ ಸೇರಿಸಿ ನಿಮ್ಮ ಹೊತ್ತು ಹಾಳು ಮಾಡುವುದು ನನಗೆ ಇಷ್ಟವಿಲ್ಲ.

"ರಿಪೇರಿಯೋರಿಗೆ ಕಾಣೋದು ಪ್ಯಾನಲ್ ಮಾತ್ರ ಮೇಡಂ," ಎಂದೆ. "ರಾತ್ರಿ ಟೀವಿ ಆಫ್ ಮಾಡಿದ್ಮೇಲೆ ಗಾಜು ಮುಟ್ಟಿ ನೋಡಿದೀರಾ? ಗೆರೆ ಇರೋ ಜಾಗ ಸ್ವಲ್ಪ ಬೆಚ್ಚಗಿರತ್ತೆ."

ಮಾನಸ ಮೇಡಂ ತಮ್ಮ ಬೆರಳ ತುದಿಗಳನ್ನು ನೋಡಿಕೊಂಡರು. ರಸ್ತೆಯಾಚೆ ನನ್ನ ಅಂಗಡಿಯ ಮುಂದೆ ಯಾರೋ ಹಾಳೆ ಹಿಡಿದುಕೊಂಡು ನಿಂತು ನನ್ನನ್ನು ಹುಡುಕುತ್ತಿದ್ದರು. ನಾನು ಅತ್ತ ತಿರುಗಲಿಲ್ಲ.

"ನಾನೇನು ಎಲ್ಲಾ ವಾಪಸ್ ಇಟ್ಕೊಳ್ಳಿ ಅಂತಿಲ್ಲ. ಅದೊಂದು. ಹೊಸ ಲ್ಯಾಬಲ್ಲಿ ಒಂದು ಮೂಲೆ, ಒಂದು ಪ್ಲಗ್ಗು. ನಿಮ್ಮ ಮಕ್ಕಳು ಕೇಳಿದ್ರೆ ಏನು ಅಂತ ಹೇಳ್ಬೇಡಿ, ಎಲ್ಲಿರಬಹುದು ಅಂತ ಕೇಳಿ, ಅವರೇ ಹೇಳ್ತಾರೆ. ಮತ್ತೆ ಅದು ಬಂದ ದಿನ ತುಂಬಾ ಸುಸ್ತಾಗಿರತ್ತೆ ಮೇಡಂ. ಬಂದ ತಕ್ಷಣ ಫಾರ್ವರ್ಡ್ ಗೀರ್ವರ್ಡ್ ಅಂತ ಏನೂ ಒತ್ತೋಕೆ ಹೋಗ್ಬೇಡಿ, ಸುಮ್ನೆ ಲೈಟ್ ಆರಿಸ್ಬಿಟ್ಟು ಒಂದ್ ಹತ್ತು ನಿಮಿಷ..."

ಮಾನಸ ಮೇಡಂ ನನ್ನ ಪಕ್ಕದಿಂದ ಹೋಗಿಯಾಗಿತ್ತು. ಆಟೋದ ಆ ಬದಿಗೆ ಸುತ್ತಿಕೊಂಡು ಹೋಗಿ, ಸೆರಗು ಸಿಕ್ಕಿಸಿಕೊಂಡು, ಹಗ್ಗದ ಗಂಟಿಗೆ ಕೈ ಹಾಕಿದ್ದರು.

"ಮಿಸ್ಸೂ, ಏನ್ ಮಾಡ್ತಿದೀರ?" ಎಂದಳು ಮುನಿಯಕ್ಕ.

"ಆ ಕಡೆ ಹಿಡ್ಕೊಳ್ಳಿ ಅಕ್ಕ. ಭಾರ ಇದೆ."

"...ಹತ್ತು ನಿಮಿಷ ಅದರ ಪಾಡಿಗೆ ಅದನ್ನ ಬಿಟ್ಬಿಡಿ ಮೇಡಂ, ಯಾಕಂದ್ರೆ ಅಷ್ಟು ದೂರದಿಂದ ಬಂದಿರೋರಿಗೆ ಮೊದಲು ಬೇಕಾಗಿರೋದು ಒಂದ್ ಗುಟುಕು ನೀರು, ಆಮೇಲೆ ಒಂದ್ ಸಣ್ಣ ನಿದ್ದೆ."